ಹಗ್ಗ ಹಿಡಿಯುವ ಕೆಲಸ ಮನೆಯವರದಾ? ಮೂರು ಜಿಲ್ಲೆಗಳ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳು
ಹಾಗೂ
ಮಾನ್ಯ ಸದಸ್ಯರು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು

ವಿಷಯ: ಚಿಕಿತ್ಸೆ ಒಲ್ಲೆ ಅನ್ನುವ ಮಾನಸಿಕ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ಕುರಿತು.

ನಮಸ್ಕಾರ.

ನಾನು ಅಂಗನವಾಡಿ ಕಾರ್ಯಕರ್ತೆ. ತವರು ಮನೆ ರಾಯಚೂರು ಜಿಲ್ಲೆಯಲ್ಲಿ, ಗಂಡನ ಮನೆ ಕೊಪ್ಪಳ ಜಿಲ್ಲೆಯಲ್ಲಿ. ಎರಡೂ ಊರು ತುಂಗಭದ್ರಾ ಎಡದಂಡೆ ಕಾಲುವೆಯ ಬಗಲಿಗೇ ಇವೆ. ತಮ್ಮನ ಚಿಕಿತ್ಸೆಗೆ ಅಂತ ಬಳ್ಳಾರಿಗೂ ಓಡಾಡಿದ್ದೇನೆ. ಅದಕ್ಕೇ ಮೂರು ಜಿಲ್ಲೆಗೂ ಸೇರಿಸಿ ಒಂದೇ ಪತ್ರ. ಕಾಯಿಲೆಗೆ ಜಿಲ್ಲೆಯ ಗಡಿ ಗೊತ್ತಿರಲ್ಲ. ಕೌಂಟರಿನಲ್ಲಿ ಕೂತವರಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ಇಲ್ಲಿ ಯಾವ ಠಾಣೆ, ಯಾವ ಆಸ್ಪತ್ರೆ, ಯಾವ ಡಾಕ್ಟರು ಅಂತ ಹೆಸರು ಬರೆದಿಲ್ಲ. ಆಗ ಇದ್ದವರಲ್ಲಿ ಬಹಳ ಜನ ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರೂ ಅದೇ ಮಾತು ಹೇಳುತ್ತಿದ್ದಾರೆ. ಅಂದಮೇಲೆ ಒಬ್ಬರ ಮೇಲೆ ದೂರು ಹೇಳಿ ಏನು ಬಂತು? ಈ ಪತ್ರವನ್ನು ತಮ್ಮನೂ ಓದಿದ್ದಾನೆ. ಎರಡು ಕಡೆ ಪೆನ್ನಿನಿಂದ ಗೆರೆ ಎಳೆದು ತೆಗೆಸಿದ. ಏನು ತೆಗೆಸಿದ ಅಂತ ಹೇಳುವ ಹಾಗಿಲ್ಲ.

ಅವನಿಗೆ ಈಗ ಮೂವತ್ತೆಂಟು ವರ್ಷ. ಮೋಟರ್ ರಿವೈಂಡಿಂಗ್ ಕಲಿತವನು. ಸುಟ್ಟ ಪಂಪ್‌ಸೆಟ್ ಮೋಟರ್ ಬಿಚ್ಚಿ, ಕರ್ರಗಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುತ್ತಿದ್ದ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು. ಇಪ್ಪತ್ತಾರನೇ ವಯಸ್ಸಿಗೆ, ಅಂಗಡಿಯಲ್ಲಿ ಯಾರೂ ಇಲ್ಲದಾಗಲೂ ಅದೇ ಸಿಟ್ಟು ಬರತೊಡಗಿತು. "ಎಣಿಸಾಕ ಬಿಡವಲ್ರು" ಅನ್ನುತ್ತಿದ್ದ. ಯಾರು ಅಂತ ಕೇಳಿದರೆ ತಂತಿ ಕಡೆ ಕೈ ತೋರಿಸುತ್ತಿದ್ದ. ಆಮೇಲೆ ಒಂದು ದಿನ ಮನೆಯ ವೈರಿಂಗನ್ನೇ ಪೂರ್ತಿ ಕಿತ್ತು ಅಂಗಳಕ್ಕೆ ಹಾಕಿದ.

ಇದಕ್ಕೆ ಸ್ಕಿಜೋಫ್ರೀನಿಯಾ ಅನ್ನುತ್ತಾರೆ ಅಂತ ತಿಳಿಯಲು ನಮಗೆ ನಾಲ್ಕು ವರ್ಷ ಬೇಕಾಯಿತು. ನಡುವೆ ಹುಲಿಗಿಗೆ ಹೋದೆವು, ಗಾಣಗಾಪುರಕ್ಕೆ ಹೋದೆವು, ದರ್ಗಾದಲ್ಲಿ ತಾಯಿತ ಕಟ್ಟಿಸಿದೆವು. ನಗಬೇಡಿ. ಆ ನಾಲ್ಕು ವರ್ಷದಲ್ಲಿ ನಮ್ಮ ಅವ್ವನನ್ನು ಕೂರಿಸಿಕೊಂಡು "ಎಷ್ಟು ದಿನದಿಂದ ಹಿಂಗದಾನ ತಾಯಿ, ಊಟ ಮಾಡ್ತಾನೇನು" ಅಂತ ಕೇಳಿದವರು ಅಲ್ಲಿಯವರು ಮಾತ್ರ.

ಮೂರು ವರ್ಷದ ಹಿಂದೆ, ಭತ್ತದ ಕೊಯ್ಲಿನ ಸಮಯ. ತಮ್ಮ ನಾಲ್ಕು ದಿನದಿಂದ ಊಟ ಮಾಡಿರಲಿಲ್ಲ. ಅನ್ನದಲ್ಲಿ ವಿಷ ಇದೆ ಅಂತ ಅವನ ನಂಬಿಕೆ. ಕೊನೆಯ ದಿನ ಕುಡುಗೋಲು ಹಿಡಿದುಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಅವ್ವ ಗಂಗಾಳ ಹಿಡಿದು ಹೊಸ್ತಿಲ ಹೊರಗೆ ಕೂತಿದ್ದಳು. ನಾನು ಫೋನ್ ಮಾಡತೊಡಗಿದೆ.

ಠಾಣೆಯಲ್ಲಿ ಫೋನ್ ಎತ್ತಿದವರು "ಯಾರಿಗಾದ್ರೂ ಹೊಡದಾನೇನಮ್ಮ?" ಅಂತ ಕೇಳಿದರು. ಇಲ್ಲ ಅಂದೆ. "ಹಂಗಾದ್ರ ಅದು ಮನಿ ವಿಷಯ. ನಾವು ಬಂದು ಏನ್ ಮಾಡೋಣ?" ಅಂದರು. ಆಂಬುಲೆನ್ಸಿಗೆ ಮಾಡಿದೆ. "ಪೇಷಂಟ್ ಹತ್ತಾಕ ಒಪ್ಪಬೇಕ್ರಿ. ಕೈಯಾಗ ಕುಡುಗೋಲು ಐತಿ ಅಂದ್ರ ಮೊದ್ಲು ಪೊಲೀಸರನ್ನ ಕರಸ್ರಿ" ಅಂದರು. ಆಸ್ಪತ್ರೆಗೆ ಮಾಡಿದೆ. "ಕರ್ಕೊಂಡು ಬನ್ನಿ, ನೋಡ್ತೀವಿ." ಹೇಗೆ ಕರೆತರಬೇಕು ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಮತ್ತೆ ಠಾಣೆಗೇ ಮಾಡಿದೆ. ಹೀಗೆ ಸಂಜೆ ಏಳರಿಂದ ಹತ್ತೂವರೆವರೆಗೆ ಸುತ್ತಿದ್ದೇನೆ. ಒಬ್ಬರೂ ಒರಟಾಗಿ ಮಾತಾಡಲಿಲ್ಲ. ಅದನ್ನೂ ಹೇಳಬೇಕು. ಎಲ್ಲರೂ ಮೆತ್ತಗೆ ಮಾತಾಡಿ ಇನ್ನೊಬ್ಬರ ಕಡೆ ಕಳಿಸಿದರು.

ಹತ್ತೂವರೆಗೆ ಸೋದರಮಾವ ಟಾಟಾ ಏಸ್ ತಂದ. ಜೊತೆಗೆ ಓಣಿಯ ಮೂವರು ಗಂಡಸರು. ಬಾಗಿಲಿನ ಅಗುಳಿ ಮುರಿದರು. ದನದ ಕೊಟ್ಟಿಗೆಯಲ್ಲಿ ಎರಡು ಹಗ್ಗ ಇದ್ದವು. ಹೊಸ ಹಗ್ಗ ಕೈ ಕೊಯ್ಯುತ್ತದೆ ಅಂತ ಹಳೆಯದನ್ನು ಹುಡುಕಿ ತಂದುಕೊಟ್ಟವಳು ನಾನೇ. ತಮ್ಮ ಚೀರಲಿಲ್ಲ. ಗಾಡಿಗೆ ಎತ್ತಿ ಹಾಕುವಾಗ "ಚಪ್ಲಿ" ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಕೇಳಿಸಿತ್ತು.

ಮೊದಲ ಆಸ್ಪತ್ರೆಯ ಮುಂದೆ ಗಾಡಿಯಲ್ಲೇ ಮೂರು ತಾಸು ಇದ್ದೆವು. ಮನೋವೈದ್ಯರು ಇರಲಿಲ್ಲ. ಗಲಾಟೆ ಮಾಡುವವರನ್ನು ವಾರ್ಡಿಗೆ ಬಿಡಲ್ಲ ಅಂದರು. ಅವನು ಗಲಾಟೆಯನ್ನೇ ಮಾಡುತ್ತಿರಲಿಲ್ಲ, ಕಟ್ಟಿದ್ದೆವಲ್ಲ. ಹಗ್ಗ ನೋಡಿ ಹಾಗಂದರೋ ಏನೋ. ಬೆಳಗಿನ ಜಾವ ಇನ್ನೊಂದು ಊರಿನ ಖಾಸಗಿ ನರ್ಸಿಂಗ್ ಹೋಮಿನವರು ಸೇರಿಸಿಕೊಂಡರು. ಎಲ್ಲಿ ಸಹಿ ಮಾಡಬೇಕು ಅಂತ ತೋರಿಸಿದರು, ಮಾಡಿದೆ. ಹತ್ತೊಂಬತ್ತು ದಿನ ಇಟ್ಟುಕೊಂಡರು. ಆ ಬಿಲ್ಲಿಗೆ ಏನೇನು ಮಾರಿದೆವು ಅನ್ನುವುದು ಬೇರೆ ಕಥೆ.

ಕಾಯ್ದೆಯನ್ನು ನಾನು ಓದಿದ್ದು ಆಮೇಲೆ, ಮೊಬೈಲಿನಲ್ಲಿ, ಮಕ್ಕಳನ್ನು ಮಲಗಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಓದುತ್ತಾ ಹೋದಂತೆ ಮೈ ಉರಿಯಿತು, ಯಾಕಂದರೆ ಆ ರಾತ್ರಿ ನಾನು ಕೇಳಿದ್ದೆಲ್ಲಾ ಅದರಲ್ಲಿ ಬರೆದೇ ಇದೆ.

ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯ ತಂದುಕೊಳ್ಳಬಹುದು ಅನ್ನುವಂಥ ವ್ಯಕ್ತಿ ಠಾಣೆಯ ವ್ಯಾಪ್ತಿಯಲ್ಲಿದ್ದರೆ, ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ ಅಂತ 100ನೇ ಕಲಂ ಹೇಳುತ್ತದೆ. ಬೀದಿಯಲ್ಲಿ ಅಲೆಯುವವರು ಮಾತ್ರ ಅಂತ ಇಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. 94ನೇ ಕಲಂ ಇನ್ನೂ ಸರಳ. ಜೀವಕ್ಕೆ ಅಪಾಯ ಇದ್ದರೆ ನೋಂದಾಯಿತ ವೈದ್ಯರು ಯಾರೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು, 72 ಗಂಟೆಯವರೆಗೆ. ಮನೋವೈದ್ಯರೇ ಆಗಬೇಕು ಅಂತ ಇಲ್ಲ. ಆಸ್ಪತ್ರೆಯಲ್ಲೇ ಆಗಬೇಕು ಅಂತಲೂ ಇಲ್ಲ. ರೋಗಿಯ ಪ್ರತಿನಿಧಿ ಅಲ್ಲೇ ಇದ್ದರೆ ಅವರ ಒಪ್ಪಿಗೆ ಕೇಳಬೇಕು, ಅಷ್ಟೆ. ಹತ್ತಿರದ ಮಾನಸಿಕ ಆಸ್ಪತ್ರೆಗೆ ಸಾಗಿಸುವುದೂ ಆ ಚಿಕಿತ್ಸೆಯ ಭಾಗ ಅಂತ ಅಲ್ಲೇ ಬಿಡಿಸಿ ಹೇಳಿದ್ದಾರೆ. ಅಂದರೆ ಆ ಮೂರು ತಾಸಿನಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಗಾಡಿ ಹತ್ತಿರ ಬಂದು ನೋಡಬಹುದಿತ್ತು. ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಭಯವೋ. ಭಯ ಅಂತಲೇ ನನಗನ್ನಿಸುತ್ತದೆ. ನಾಳೆ ಏನಾದರೂ ಆದರೆ ತಮ್ಮ ಬೆನ್ನಿಗೆ ಯಾರೂ ನಿಲ್ಲಲ್ಲ ಅನ್ನುವ ಭಯ.

ಇನ್ನು 89ನೇ ಕಲಂ. ಒಪ್ಪದವರನ್ನು ಸೇರಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. 30 ದಿನಕ್ಕಿಂತ ಜಾಸ್ತಿ ಇಡಬೇಕಾದರೆ ಬೇರೆ ಕಲಂ, ಬೇರೆ ವಿಧಾನ. ಸೇರಿಸಿಕೊಂಡ ಏಳು ದಿನದೊಳಗೆ, ಹೆಣ್ಣುಮಕ್ಕಳು ಅಥವಾ ಮೈನರ್ ಆದರೆ ಮೂರೇ ದಿನದೊಳಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿ ಆ ಮಂಡಳಿಗೆ ತಕರಾರು ಸಲ್ಲಿಸಬಹುದು. ನನ್ನ ತಮ್ಮನಿಗೆ ಇದನ್ನು ಯಾರೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಮಂಡಳಿ ಅಂತ ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಈ ಕಾಯ್ದೆ ಬಂದು ಎಲ್ಲಾ ಕಷ್ಟ ಆಯಿತು, ಮೊದಲೇ ಚೆನ್ನಾಗಿತ್ತು ಅನ್ನುವ ಮನೆಯವರನ್ನು ನಾನು ಬಹಳ ನೋಡಿದ್ದೇನೆ. ಅವರ ಸಂಕಟ ನನಗೆ ಗೊತ್ತು, ಆದರೆ ಆ ಮಾತು ನಾನು ಒಪ್ಪಲ್ಲ. ನಮ್ಮ ಕಡೆ ಹೊಲದ ಪಾಲು ಕೇಳಿದ ಹೆಣ್ಣುಮಗಳಿಗೆ ತಲೆ ಕೆಟ್ಟಿದೆ ಅಂತ ಓಣಿಯೆಲ್ಲಾ ಸಾರುವುದು ಹೊಸದೇನಲ್ಲ. ನನ್ನ ಒಂದು ಸಹಿಯ ಮೇಲೆ ಒಬ್ಬ ಮನುಷ್ಯನನ್ನು ಹತ್ತೊಂಬತ್ತು ದಿನ ಕೂಡಿಹಾಕಬಹುದು ಅನ್ನುವುದು ಈಗ ನೆನಸಿಕೊಂಡರೆ ನನಗೇ ಹೆದರಿಕೆ. ನಾನು ಒಳ್ಳೆಯದಕ್ಕೇ ಸಹಿ ಮಾಡಿದೆ ಅಂತ ನೋಡುವವರು ಯಾರಾದರೂ ಇರಬೇಕಲ್ವಾ? 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸತ್ತರು, 28 ಮಂದಿ. ಅವರನ್ನೂ ಮನೆಯವರೇ ಬಿಟ್ಟು ಬಂದಿದ್ದರು, ಗುಣವಾಗಲಿ ಅಂತಲೇ. ಈಗ ಸರಪಳಿ ಹಾಕುವುದನ್ನು 95ನೇ ಕಲಂ ಪೂರ್ತಿ ನಿಷೇಧಿಸಿದೆ. ಸರಿಯಾಗಿಯೇ ಇದೆ. ಆದರೆ ಸರಪಳಿ ಬೇಡ ಅಂದವರು ಅದರ ಬದಲಿಗೆ ಯಾರನ್ನು ಕಳಿಸುತ್ತಾರೆ ಅನ್ನುವುದು ಪ್ರಶ್ನೆ. ನಮ್ಮ ಮನೆಗೆ ಯಾರೂ ಬರಲಿಲ್ಲ.

ಬಲವಂತವೇ ಬೇಡ ಅಂತ ನಾನು ವಾದ ಮಾಡುತ್ತಿಲ್ಲ. ನಾಲ್ಕು ದಿನ ಉಪವಾಸ ಇದ್ದವನನ್ನು ಅವನ ಇಷ್ಟಕ್ಕೆ ಬಿಟ್ಟಿದ್ದರೆ ಇವತ್ತು ಅವನು ಇರುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ತನಗೆ ಕಾಯಿಲೆ ಇದೆ ಅನ್ನುವುದೇ ಎಷ್ಟೋ ಜನರಿಗೆ ತಿಳಿಯುವುದಿಲ್ಲ. ಅದು ಹಟ ಅಲ್ಲ, ಅದೂ ಕಾಯಿಲೆಯ ಒಂದು ಭಾಗ ಅಂತ ಡಾಕ್ಟರು ವಿವರಿಸಿದರು. ನನ್ನ ದೂರು ಇಷ್ಟೇ. ಬಲವಂತ ಮಾಡಲೇಬೇಕಾದ ಆ ಒಂದು ಗಳಿಗೆಯನ್ನು ನಮ್ಮ ಕೈಗೆ ಬಿಟ್ಟಿರಿ. ಅದು ತರಬೇತಿ ಇದ್ದವರ ಕೆಲಸ, ಕಾನೂನು ಕೊಟ್ಟ ಕೆಲಸ. ಅದನ್ನು ಒಬ್ಬ ಅಕ್ಕ ಮಾಡಿದರೆ ಆಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ.

ಮನೆಗೆ ಬಂದಮೇಲೆ ತಮ್ಮ ಮಾತ್ರೆ ನಿಲ್ಲಿಸಿದ. ನಾನು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಹನಿ ಔಷಧಿ ತಂದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಎರಡು ತಿಂಗಳು ಬೇಳೆ ಸಾರಿನಲ್ಲಿ, ಮಜ್ಜಿಗೆಯಲ್ಲಿ ಹಾಕಿ ಕೊಟ್ಟೆ. ಒಂದು ದಿನ ಜೋಳದ ಡಬ್ಬಿಯ ಹಿಂದೆ ಅವನಿಗೆ ಬಾಟಲಿ ಸಿಕ್ಕಿತು. ಅವನು ಏನೂ ಬೈಯಲಿಲ್ಲ. "ಅನ್ನದಾಗ ಏನೋ ಐತಿ ಅಂತ ಹೇಳಿದ್ದು ಖರೇನ ಇತ್ತಲ್ಲ ಯಕ್ಕಾ" ಅಂದ.

ಅದಕ್ಕೆ ನಾನು ಏನಂತ ಉತ್ತರ ಕೊಡಲಿ?

ಇವತ್ತಿಗೂ ಅವನು ನನ್ನ ಕೈಯ ಸಾರು ಮುಟ್ಟಲ್ಲ. ರೊಟ್ಟಿ ತಿನ್ನುತ್ತಾನೆ. ಹಿಟ್ಟು ನಾದುವಾಗಿಂದ ಒಲೆ ಮುಂದೆ ಕೂತಿರುತ್ತಾನೆ, ಬಡಿಯುವುದನ್ನು ನೋಡುತ್ತಾನೆ, ಹಂಚಿನ ಮೇಲಿಂದ ತಾನೇ ಎತ್ತಿಕೊಳ್ಳುತ್ತಾನೆ. ಜೊತೆಗೆ ಹಸಿ ಉಳ್ಳಾಗಡ್ಡಿ, ಅದೂ ತಾನೇ ಹೆಚ್ಚಿಕೊಂಡಿದ್ದು. ಕಾಯಿಲೆ ಹತೋಟಿಯಲ್ಲಿದೆ ಅಂತ ಡಾಕ್ಟರು ಚೀಟಿಯಲ್ಲಿ ಬರೆದಿದ್ದಾರೆ.

ಅವನು ಮಾತ್ರೆ ಬಿಟ್ಟಿದ್ದಕ್ಕೂ ಒಂದು ಕಾರಣ ಇತ್ತು. ಹುಚ್ಚಿನಿಂದಲೇ ಬಿಟ್ಟ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಮೇಲೆ ಸಿಕ್ಕ ಒಬ್ಬ ಡಾಕ್ಟರು ಮಾತ್ರ ಅವನನ್ನೇ ಕೇಳಿದರು, ಯಾಕಪ್ಪಾ ತಗೊಳ್ಳಲ್ಲ ಅಂತ. ಅವನು ಕೈ ಚಾಚಿ ತೋರಿಸಿದ. ಬೆರಳು ಬಿಗಿಯಾಗಿ ನಡುಗುತ್ತಿದ್ದವು. ಸಣ್ಣ ತಂತಿ ಹಿಡಿಯೋಕೇ ಆಗುತ್ತಿರಲಿಲ್ಲ. ಕತ್ತು ಒಂದು ಕಡೆ ಎಳೆಯುತ್ತಿತ್ತು, ನಾಲಿಗೆ ದಪ್ಪ ಆದ ಹಾಗೆ ಇತ್ತು. ಅದು ಔಷಧಿಯ ಅಡ್ಡಪರಿಣಾಮ. ಡೋಸ್ ಕಡಿಮೆ ಮಾಡಿ, ಬಿಗಿತ ಇಳಿಸಲು ಬೇರೆ ಮಾತ್ರೆ ಕೊಟ್ಟರು. ಹದಿನೈದು ದಿನದಲ್ಲಿ ಕೈ ಸಡಿಲವಾಯಿತು. ರೋಗಿ ಒಲ್ಲೆ ಅಂದದ್ದನ್ನೆಲ್ಲ ರೋಗದ ಲೆಕ್ಕಕ್ಕೇ ಬರೆದುಬಿಟ್ಟರೆ ಹೀಗಾಗುತ್ತದೆ. ಕೈಯೇ ಬದುಕಾಗಿರುವವನು ಕೈ ಹೋಗುತ್ತೆ ಅಂತ ಮಾತ್ರೆ ಬಿಟ್ಟಿದ್ದ, ಅಷ್ಟೆ.

ಆ ಡಾಕ್ಟರ ಮೇಲೆ ಅವನಿಗೆ ನಂಬಿಕೆ ಬಂತು. ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಬರೆದುಕೊಟ್ಟರು, ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದು ಅಂದರು. ಒಂದು ವರ್ಷಕ್ಕೂ ಮೇಲೆ ಅವನು ಒಬ್ಬನೇ ಬಸ್ ಹತ್ತಿ ಹೋಗಿ ಹಾಕಿಸಿಕೊಂಡು ಬಂದ. ಯಾರ ಬಲವಂತವೂ ಇರಲಿಲ್ಲ. ನನಗಂತೂ ಮೊದಮೊದಲು ನಂಬಿಕೆಯೇ ಬರುತ್ತಿರಲಿಲ್ಲ, ಟಿಕೆಟ್ ನೋಡುತ್ತಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಇಂಜೆಕ್ಷನ್ ಖಾಲಿಯಾಯಿತು. ಮುಂದಿನ ವಾರ ಬಾ ಅಂದರು. ಹೋದ. ಮುಂದಿನ ಮಂಗಳವಾರ ಅಂದರು. ಹೋದ. ಮೂರನೇ ಸಲವೂ ಸ್ಟಾಕ್ ಬಂದಿಲ್ಲ ಅಂದರು. ನಾಲ್ಕನೇ ಸಲ ಅವನು ಹೋಗಲಿಲ್ಲ. ಹೊರಗೆ ಮೆಡಿಕಲ್ ಶಾಪಿನಲ್ಲಿ ತರೋಣ ಅಂದರೆ ಅಲ್ಲಿಯೂ ಇರಲಿಲ್ಲ. ಎರಡು ತಿಂಗಳಿಗೆ ತಂತಿ ಮತ್ತೆ ಮಾತಾಡತೊಡಗಿತು.

ಇದನ್ನು ದಯವಿಟ್ಟು ಸಾವಧಾನವಾಗಿ ಓದಿ. ಒಪ್ಪದ ರೋಗಿ ಒಪ್ಪದ ರೋಗಿ ಅಂತ ಎಲ್ಲರೂ ಹೇಳುತ್ತಾರೆ. ಒಪ್ಪಿ ಬಂದವನನ್ನು ಮೂರು ಸಲ ವಾಪಸ್ ಕಳಿಸಿ, ಆಮೇಲೆ ಹಗ್ಗ ತರುವ ಪರಿಸ್ಥಿತಿ ತಂದವರು ಯಾರು? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿತ್ತು. ತೀವ್ರ ಮಾನಸಿಕ ಕಾಯಿಲೆ ಇರುವ ನೂರು ಜನರಲ್ಲಿ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 70 ಜನರೂ ಒಲ್ಲೆ ಅಂದವರೇ ಇರಲಾರರು.

ಎರಡನೇ ಸಲ ಹಗ್ಗ ಬೇಕಾಗಲಿಲ್ಲ. ಇಂಜೆಕ್ಷನ್ ಹಾಕುತ್ತಿದ್ದ ನರ್ಸ್ ಒಬ್ಬರಿದ್ದರು. ಅವರಿಗೆ ಫೋನ್ ಮಾಡಿ ಅತ್ತೆ. ಡ್ಯೂಟಿ ಮುಗಿಸಿ, ಯೂನಿಫಾರ್ಮ್ ಬದಲಿಸಿ, ಗಂಡನ ಬೈಕಿನಲ್ಲಿ ಬಂದರು. ಯಾರೂ ಕಳಿಸಿದ್ದಲ್ಲ. ಕೋಣೆಯ ಬಾಗಿಲಲ್ಲಿ ಕೂತು ಮೂರು ತಾಸು ಮಾತಾಡಿದರು. ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. ತಮ್ಮ ಹೊಲದ ಮೋಟರ್ ಎರಡು ಸಲ ಸುಟ್ಟಿದ್ದು, ರಿವೈಂಡಿಂಗಿನವನು ಅಲ್ಯೂಮಿನಿಯಂ ತಂತಿ ಹಾಕಿ ಮೋಸ ಮಾಡಿದ್ದು, ಇದೇ ಮಾತು. ಕೊನೆಗೆ ತಮ್ಮನೇ "ಇಂಜೆಕ್ಷನ್ ತಂದೀರೇನು" ಅಂತ ಕೇಳಿದ. ಬೇರೆ ತಾಲ್ಲೂಕಿನಿಂದ ಹೇಗೋ ಒಂದು ತರಿಸಿಕೊಂಡು ಬಂದಿದ್ದರು. "ಎಡಕ್ಕ ಹಾಕ್ಲೋ ಬಲಕ್ಕ ಹಾಕ್ಲೋ, ನೀನ ಹೇಳು" ಅಂದರು. ಎಡಕ್ಕೆ ಅಂದ. ಮರುದಿನ ಬೆಳಿಗ್ಗೆ ತಾನೇ ನಡೆದು ಬಸ್ ಹತ್ತಿದ, ಆಸ್ಪತ್ರೆಗೆ.

ಪ್ರತಿ ಸಲ, ಪ್ರತಿಯೊಬ್ಬರೂ ಮಾತಿಗೆ ಬಗ್ಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮೂರು ತಾಸು ಕೊಡಲು ನಮ್ಮ ವ್ಯವಸ್ಥೆಯಲ್ಲಿ ಯಾರ ಹೆಸರಿನಲ್ಲೂ ಡ್ಯೂಟಿ ಇಲ್ಲ. ಆ ನರ್ಸಮ್ಮ ತಮ್ಮ ಸ್ವಂತ ಸಮಯದಲ್ಲಿ, ಸ್ವಂತ ಪೆಟ್ರೋಲಿನಲ್ಲಿ ಮಾಡಿದ ಕೆಲಸ ಅದು. ನಾನೂ ಸರ್ಕಾರದ ಕೆಲಸ ಮಾಡುವವಳು. ಊರಿನ ಪ್ರತಿ ಮಗುವಿನ ತೂಕ ತಿಂಗಳು ತಿಂಗಳು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ತೂಕ ಇಳಿದರೆ ಮೇಲಿನವರಿಗೆ ತಿಳಿಸಬೇಕು, ತಿಳಿಸದಿದ್ದರೆ ನೋಟಿಸ್ ಬರುತ್ತದೆ. ನನ್ನ ತಮ್ಮನ ಇಂಜೆಕ್ಷನ್ ತಪ್ಪಿ ಎರಡು ತಿಂಗಳಾದರೂ ಯಾವ ರಿಜಿಸ್ಟರಿನಲ್ಲೂ ಅದು ಬರಲಿಲ್ಲ.

ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. 1985ರಿಂದ 1990ರವರೆಗೆ ನಿಮ್ಹಾನ್ಸಿನವರು ಒಂದು ಇಡೀ ಜಿಲ್ಲೆಗೆ ಮಾನಸಿಕ ಚಿಕಿತ್ಸೆ ಹೇಗೆ ಮುಟ್ಟಿಸಬಹುದು ಅಂತ ಪ್ರಯೋಗ ಮಾಡಿದರು. ಆ ಜಿಲ್ಲೆ ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅಲ್ಲೇ ಔಷಧಿ ಸಿಗುವ ಹಾಗೆ ಮಾಡಿದರು. ಅದು ನಡೆಯಿತು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇವತ್ತಿಗೂ ಪುಸ್ತಕಗಳಲ್ಲಿ ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. ದೇಶಕ್ಕೆ ಕಲಿಸಿಕೊಟ್ಟ ನಮ್ಮ ಸೀಮೆಯಲ್ಲಿ ಇವತ್ತು ಧಾರವಾಡಕ್ಕೆ ಹೋಗಿ, ಬೆಂಗಳೂರಿಗೆ ಹೋಗಿ ಅನ್ನುತ್ತಾರೆ. ನಮ್ಮೂರಿಂದ ಧಾರವಾಡ 200ಕ್ಕೂ ಹೆಚ್ಚು ಕಿಲೋಮೀಟರ್. ಕುಡುಗೋಲು ಹಿಡಿದವನನ್ನು ಕೂರಿಸಿಕೊಂಡು ಅಷ್ಟು ದೂರ ಹೋಗಿ ನೋಡಿ.

ಏನೂ ಆಗಿಲ್ಲ ಅಂತ ಸುಮ್ನೆ ದೂರುತ್ತಿಲ್ಲ. ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ತಾಲ್ಲೂಕು ಮಟ್ಟಕ್ಕೆ ಬಂದಿದ್ದು ದೊಡ್ಡ ವಿಷಯ. 14416ಕ್ಕೆ, ಟೆಲಿ ಮನಸ್‌ಗೆ, ನಾನೇ ರಾತ್ರಿ ಫೋನ್ ಮಾಡಿದ್ದೇನೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ನನ್ನ ಎದೆ ಹಗುರಾಯಿತು. ಆದರೆ ಫೋನಿನಲ್ಲಿ ಇದ್ದವರು ಮನೆ ಬಾಗಿಲಿಗೆ ಬರೋಕಾಗಲ್ಲ. ಬಾಗಿಲಿಗೆ ಯಾರು ಬರಬೇಕು ಅನ್ನುವುದೇ ನನ್ನ ಮೊದಲ ಬೇಡಿಕೆ.

ಮೂರೂ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ, ಆಂಬುಲೆನ್ಸ್, ಆಸ್ಪತ್ರೆ ಮೂವರನ್ನೂ ಒಂದು ದಿನ ಒಂದೇ ಮೇಜಿಗೆ ಕೂರಿಸಿ, ಇಂಥ ಫೋನ್ ಬಂದರೆ ಯಾರು ಹೋಗಬೇಕು ಅಂತ ಲಿಖಿತ ಆದೇಶ ಮಾಡಿ. ಸಾಧ್ಯವಾದರೆ ಪೊಲೀಸರು ಖಾಕಿ ಇಲ್ಲದೆ ಬರಲಿ, ಜೊತೆಗೆ ತರಬೇತಿ ಇರುವ ಒಬ್ಬ ನರ್ಸ್ ಇರಲಿ. ಮೊದಲು ಮಾತಾಡಲಿ. ಆ ಆದೇಶದ ಪ್ರತಿ ಪ್ರತಿ ಠಾಣೆಯ ಗೋಡೆಯ ಮೇಲೆ ಇರಲಿ, 100ನೇ ಕಲಂ ಕನ್ನಡದಲ್ಲಿ ಬರೆದು. ಇನ್ನು ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರುಗಳಿಗೆ 94ನೇ ಕಲಂ ಬಗ್ಗೆ ತರಬೇತಿ ಕೊಡಿ. ಅವರು ಕಾಯ್ದೆಯಂತೆ ನಡೆದರೆ ನೀವು ಅವರ ಬೆನ್ನಿಗೆ ಇದ್ದೀರಿ ಅಂತ ಬರವಣಿಗೆಯಲ್ಲಿ ಹೇಳಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಹಾಸಿಗೆ ಇದಕ್ಕೆ ಅಂತ ಇಟ್ಟರೆ ಸಾಕು, 72 ಗಂಟೆಗೆ. ದೊಡ್ಡ ಕಟ್ಟಡ ಏನೂ ಬೇಡ.

ಇಂಜೆಕ್ಷನ್ ಮತ್ತು ಮಾತ್ರೆ ಖಾಲಿ ಆಗಬಾರದು. ಖಾಲಿ ಆಗುವ ಮೊದಲೇ ಪಕ್ಕದ ತಾಲ್ಲೂಕಿನಿಂದ, ಪಕ್ಕದ ಜಿಲ್ಲೆಯಿಂದ ತರಿಸಿಕೊಳ್ಳುವ ಅಧಿಕಾರ ಕೊಡಿ. ತಿಂಗಳ ಇಂಜೆಕ್ಷನ್ ತಪ್ಪಿಸಿಕೊಂಡವರ ಮನೆಗೆ ಆ ವಾರವೇ ಒಬ್ಬರು ಹೋಗಲಿ. ನನ್ನ ತೂಕದ ರಿಜಿಸ್ಟರಿನಷ್ಟಾದರೂ ಅದಕ್ಕೆ ಬೆಲೆ ಬರಲಿ. ಈ ಒಂದನ್ನು ಮಾಡಿದರೆ ಉಳಿದ ಬೇಡಿಕೆಗಳ ಅರ್ಧ ಕೆಲಸ ಮುಗಿದ ಹಾಗೆ ಅಂತ ನನ್ನ ಅಂದಾಜು.

ಪರಿಶೀಲನಾ ಮಂಡಳಿಯ ವಿಷಯ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅದರ ಅಧ್ಯಕ್ಷರು. ಜಿಲ್ಲಾಧಿಕಾರಿಗಳ ಪ್ರತಿನಿಧಿಯೂ ಅದರಲ್ಲಿರಬೇಕು, ಅಂದರೆ ನಿಮ್ಮ ಕಡೆಯವರು. ಮಾನಸಿಕ ಕಾಯಿಲೆ ಅನುಭವಿಸಿದವರಿಗೆ, ಅವರನ್ನು ನೋಡಿಕೊಳ್ಳುವವರಿಗೂ ಅದರಲ್ಲಿ ಸದಸ್ಯತ್ವಕ್ಕೆ ಜಾಗ ಇದೆ. ನಮ್ಮ ಜಿಲ್ಲೆಗಳಿಗೆ ಯಾವ ಮಂಡಳಿ, ಅದರ ಕಚೇರಿ ಎಲ್ಲಿದೆ, ಯಾವ ದಿನ ಸೇರುತ್ತದೆ, ಇಷ್ಟನ್ನು ಪ್ರತಿ ಆಸ್ಪತ್ರೆಯ ಹೊರಗೆ ಬೋರ್ಡಿನಲ್ಲಿ ಹಾಕಿಸಿ. ಸರ್ಕಾರಿ ಇರಲಿ ಖಾಸಗಿ ಇರಲಿ, ಒಪ್ಪದವರನ್ನು ಸೇರಿಸಿಕೊಂಡ ದಿನವೇ ರೋಗಿಯ ಕೈಗೆ ಒಂದು ಚೀಟಿ ಕೊಡಲಿ, ನಿನಗೆ ತಕರಾರು ಹೇಳುವ ಹಕ್ಕು ಇದೆ ಅಂತ. ಓದಲು ಬಾರದವರಿಗೆ ಓದಿ ಹೇಳಲಿ.

ಕೊನೆಯದಾಗಿ, ನಾನು ಈ ಪತ್ರ ಬರೆಯಲು ಕೂತಿದ್ದೇ ಈ ಕಾರಣಕ್ಕೆ. ಕಾಯ್ದೆಯ 5ನೇ ಕಲಂನಲ್ಲಿ ಮುಂಗಡ ನಿರ್ದೇಶನ ಅಂತ ಒಂದಿದೆ. ಮನಸ್ಸು ನೆಟ್ಟಗಿರುವಾಗಲೇ, ಮುಂದೆ ಕಾಯಿಲೆ ಹೆಚ್ಚಾದರೆ ನನಗೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಅಂತ ಬರೆದಿಡಬಹುದು. ತನ್ನ ಪರವಾಗಿ ಯಾರು ನಿಲ್ಲಬೇಕು ಅಂತಲೂ ಹೇಳಬಹುದು. ಮಂಡಳಿ ಇವುಗಳ ದಾಖಲೆ ಇಡಬೇಕು. ಇದನ್ನು ತಮ್ಮನಿಗೆ ಓದಿ ಹೇಳಿದೆ. ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಮೋಟರ್ ಅಂಗಡಿಯ ಬಿಲ್ ಪುಸ್ತಕದ ಹಾಳೆ ಹರಿದು ಹಿಂದುಗಡೆ ಬರೆದುಕೊಟ್ಟ. ಅವನು ಬರೆದ ಹಾಗೇ ಇಲ್ಲಿ ಹಾಕುತ್ತಿದ್ದೇನೆ.

"ಹಗ್ಗ ಬ್ಯಾಡ. ಮಾವನ್ನ ಕರಿಬ್ಯಾಡ್ರಿ. ಆ ನರ್ಸಮ್ಮ ಬರ್ಲಿ. ಕೈ ಬಿಗಿ ಆಗೋ ಔಷಧಿ ಬ್ಯಾಡ. ಊಟದಾಗ ಏನೂ ಹಾಕಬ್ಯಾಡ್ರಿ. ಚಪ್ಲಿ ಹಾಕ್ಕೊಳ್ಳಾಕ ಬಿಡ್ರಿ."

ಪ್ರತಿನಿಧಿ ಅನ್ನುವ ಜಾಗದಲ್ಲಿ ಮೊದಲು ಅವ್ವನ ಹೆಸರು ಬರೆದಿದ್ದ. ಆಮೇಲೆ ಹೊಡೆದು ಹಾಕಿ ನನ್ನ ಹೆಸರು ಬರೆದಿದ್ದಾನೆ. ಯಾಕೆ ಅಂತ ನಾನು ಕೇಳಲಿಲ್ಲ.

ತುರ್ತು ಚಿಕಿತ್ಸೆಯ ಸಮಯದಲ್ಲಿ ಇಂಥ ಪತ್ರ ಡಾಕ್ಟರ ಕೈ ಕಟ್ಟುವುದಿಲ್ಲ ಅಂತ ನನಗೆ ಗೊತ್ತು. ಅವನಿಗೂ ಹೇಳಿದ್ದೇನೆ. ಚಪ್ಪಲಿಗೆ ಅರ್ಧ ನಿಮಿಷ ಸಾಕಲ್ಲ ಅಂತ ಅವನು ಕೇಳುತ್ತಾನೆ. ಈ ಹಾಳೆ ಹಿಡಿದು ನಾನು ಮೂರು ಕಚೇರಿಗೆ ಹೋದೆ. ಒಂದು ಕಡೆ ನೋಟರಿ ಮಾಡಿಸಿಕೊಂಡು ಬಾ ಅಂದರು. ಇನ್ನೊಂದು ಕಡೆ ಅಂಗವಿಕಲರ ವಿಭಾಗಕ್ಕೆ ಕೊಡಿ ಅಂದರು. ಮೂರನೇ ಕಡೆ ಒಬ್ಬರು ಪೂರ್ತಿ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಇದನ್ನು ಎಲ್ಲಿ ತಗೋತಾರೋ ನನಗೂ ಗೊತ್ತಿಲ್ಲಮ್ಮ ಅಂತ ವಾಪಸ್ ಕೊಟ್ಟರು.

ಅದರ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಅಸಲು ಅವನ ಹತ್ತಿರವೇ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾನೆ. ಅದನ್ನು ಯಾವ ಕಚೇರಿಯಲ್ಲಿ, ಯಾರ ಕೈಗೆ ಕೊಡಬೇಕು ಅಂತ ತಿಳಿಸಿ. ಅಲ್ಲಿಗೆ ನಾವಿಬ್ಬರೂ ಬಸ್ ಹತ್ತಿ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಕ್ಕ